ಗಾಜಿನ ಮೂಗು

ಸುರಬಾಯ
4 ಮಾರ್ಚ್ 2012

ತಮ್ಮ ತಸ್ರಿಪ್‌ಗೆ ಅಕ್ಕ ಜುಮ್ರೋತುನ್ ಮಾಡುವ ಸಲಾಂ.

ಕೂತು ಬರೆಯೋಕೆ ಆಗ್ತಿಲ್ಲ, ನಿಂತೇ ಬರೀತಿದೀನಿ. ಇವತ್ತು ಅದು ಕೆಲಸ ಮಾಡ್ತು ಕಣೋ. "ನಮ್ಮಕ್ಕ ಯೂನಿವರ್ಸಿಟೀಲಿ ಗಾಜಿನ ದಾರ ನೂಲ್ತಾಳೆ, ಯಾವ ಮಗ್ಗಕ್ಕೋ ಗೊತ್ತಿಲ್ಲ" ಅಂತ ನಮ್ಮೂರು ಜುವಾನಾದ ಬಂದರಿನ ತುಂಬ ಆಡ್ಕೊಂಡು ತಿರುಗಿದೆಯಲ್ಲ, ಆ ದಾರ ಇವತ್ತು ಮಧ್ಯಾಹ್ನ ವಾಸನೆ ಹಿಡೀತು.

ನಿನಗೆ ಅರ್ಥ ಆಗೋ ಹಾಗೆ ಹೇಳ್ತೀನಿ, ಆಕಳಿಸಬೇಡ. ಗಾಜಿನ ಎಳೆಯೊಳಗೆ ಬೆಳಕು ಬಿಟ್ಟರೆ ಅದು ಒಳಗೊಳಗೇ ಓಡುತ್ತೆ, ಹೊರಗೆ ಚೆಲ್ಲೋದಿಲ್ಲ. ಟೆಲಿಫೋನಿನವರು ನೆಲದಡಿ ಹೂಳೋದು ಇದನ್ನೇ. ಆದರೆ ಎಳೆಯನ್ನ ಉರಿಗೆ ಹಿಡಿದು ಎಳೆದೂ ಎಳೆದೂ ಕೂದಲಿಗಿಂತ ಸಣ್ಣ ಮಾಡಿದರೆ ಒಳಗೆ ಬೆಳಕಿಗೆ ಜಾಗ ಸಾಲೋದಿಲ್ಲ. ಅದರ ಒಂದು ಪಾಲು ಗಾಜಿನ ಹೊರಮೈಗೆ ಅಂಟಿಕೊಂಡು ಹೋಗೋಕೆ ಶುರು ಮಾಡುತ್ತೆ. ದೂರ ಹೋಗಲ್ಲ, ಗಾಜಿನ ಮೈ ಬಿಡೋದಿಲ್ಲ. ಆದರೆ ಅಷ್ಟೇ ಸಣ್ಣ ಇನ್ನೊಂದು ಎಳೆ ಮೈಗೆ ಮೈ ತಾಗಿಸಿ ಪಕ್ಕದಲ್ಲಿ ಮಲಗಿದ್ದರೆ, ಸದ್ದಿಲ್ಲದೆ ಅದರೊಳಕ್ಕೆ ದಾಟಿಬಿಡುತ್ತೆ. ಎಷ್ಟು ದಾಟುತ್ತೆ ಅನ್ನೋದು ಆ ಜಾಗದ ಸುತ್ತ ಏನಿದೆ ಅನ್ನೋದರ ಮೇಲೆ. ಅಲ್ಲಿಗೆ ನಾನೊಂದು ಲೇಪ ಹಚ್ಚಿದೀನಿ. ಕೊಳೆತ ಮೀನಿನ ಗಾಳಿ ಸೋಕಿದರೆ ಲೇಪ ಬದಲಾಗುತ್ತೆ, ಬೆಳಕು ದಾಟೋದು ಕಮ್ಮಿ ಆಗುತ್ತೆ. ಒಳ್ಳೇ ಗಾಳಿ ಬಂದರೆ ಮತ್ತೆ ಮೊದಲಿನ ಹಾಗೆ.

ಇವತ್ತು ಜಾಡಿಯೊಳಗೆ ಕೊಳೆತ ಬೊಂಡಾಸ ಮೀನು ಹಾಕಿ ಎಳೆ ಇಳಿಬಿಟ್ವಿ. ದಾಟಿದ ಬೆಳಕು ಅಳೆಯೋ ಬಲಗಡೆ ಮುಳ್ಳು ಬಿತ್ತು, ದಾಟದೆ ಉಳಿದದ್ದು ಅಳೆಯೋ ಎಡಗಡೆ ಮುಳ್ಳು ಎದ್ದಿತು. ಜಾಡಿ ತೆಗೆದ್ವಿ, ಎರಡೂ ತಮ್ಮ ತಮ್ಮ ಜಾಗಕ್ಕೆ ವಾಪಸ್. ಮತ್ತೆ ಹಾಕಿದ್ವಿ. ಮತ್ತೆ ಹಾಗೇ. ನಮ್ಮ ಪ್ರೊಫೆಸರ್ ವೆನಿಂಗ್ ಮೇಡಂ ಇದಾರಲ್ಲ, ನಗೋದು ಅಂದರೆ ಏನು ಅಂತ ಗೊತ್ತಿಲ್ಲದವರು, ಆ ನಾತದ ಕೋಣೆಯಲ್ಲೇ ಎಲ್ಲರಿಗೂ ಊಟ ತರಿಸಿದರು. ಯಾರೂ ಬೇಡ ಅನ್ನಲಿಲ್ಲ.

ಒಂದು ಸೆಟ್ಟು ಕಳಿಸ್ತಿದೀನಿ. ಎಳೆಯ ತುದಿ ನಿಮ್ಮ ಹಡಗಿನ ಮೀನುಕೋಣೆಯ ತಳದಲ್ಲಿ ಇರಲಿ, ಮುಳ್ಳಿನ ಡಬ್ಬಿ ಮೇಲೆ ಚುಕ್ಕಾಣಿ ಹತ್ತಿರ. ಕೆಳಗೆ ಕರೆಂಟಿಲ್ಲ, ಬ್ಯಾಟರಿಯಿಲ್ಲ, ಉಪ್ಪು ತಿಂದುಹಾಕೋಕೆ ತಂತಿಯಿಲ್ಲ. ಬರೀ ಗಾಜು, ಬರೀ ಬೆಳಕು. ವಾರಕ್ಕೊಮ್ಮೆ ತಿರುಪು ತಿರುಗಿಸಿ ಮುಳ್ಳುಗಳನ್ನ ಒಳ್ಳೇ ಗಾಳಿಯ ಗೆರೆಗೆ ತಂದುಕೋ. ಏನೇನಾಯ್ತು ಅಂತ ಬರಿ.

ಆದರೆ ಇದು ಇನ್ನೂ ತೊಟ್ಟಿಲ ಕೂಸು. ಇದರ ಮಾತು ಕೇಳಿ ಯಾರೂ ಕೆಳಗೆ ಇಳೀಬಾರದು. ಹೋದ ವರ್ಷ ನಮ್ಮ ಪಕ್ಕದ ಬೀದಿಯ ಇಬ್ಬರು ಮೀನುಕೋಣೆಗೆ ಇಳಿದವರು ಆ ಕೊಳೆತ ಗಾಳಿ ಕುಡಿದು ಮೇಲೆ ಬರಲಿಲ್ಲ, ಮರೆತಿಲ್ಲ ತಾನೆ? ನಿನ್ನ ಮೂಗಿನ ಮೇಲೆ ನನಗೆ ನಂಬಿಕೆ ಜಾಸ್ತಿ. ಬೀದಿ ತುದೀಲಿ ನಿಂತು ಯಾರ ಮನೇಲಿ ಮೀನು ಹುರೀತಿದಾರೆ, ಯಾರ ಮನೇಲಿ ಬರೀ ಮೆಣಸಿನಕಾಯಿ ಅಂತ ಹೇಳ್ತಿದ್ದವನು ನೀನು. ಕೊಳೆತ ಮೊಟ್ಟೆ ನಾತ ಬಂತೋ, ಮೇಲೆ ಬಾ. ಅಮ್ಮ ತೆರಾಸಿ ಸೀಗಡಿ ಚಟ್ನಿ ಕಳಿಸಿದಾಳೆ, ಒಬ್ಬನೇ ತಿನ್ನಬೇಡ.

ನಿನ್ನ ಅಕ್ಕ
ಜುಮ್


ಅರಾಫುರಾ ಸಮುದ್ರ, ಸಿನಾರ್ ಮುರಿಯಾ ಹಡಗಿನಿಂದ
2 ಏಪ್ರಿಲ್ 2012

ಅಕ್ಕಾ, ವಾಲೈಕುಂ ಸಲಾಂ.

ನಿನ್ನ ಪೆಟ್ಟಿಗೆ ಐಸು, ಡೀಸೆಲ್ಲು, ಈರುಳ್ಳಿ ಮೂಟೆ ಜೊತೆ ಸಾಗಣೆ ಹಡಗಿಂದ ಇಳೀತು. ಮೇಲೆ 'ಗಾಜು, ಹುಷಾರು' ಅಂತ ಬರೆದಿದ್ದೆಯಲ್ಲ, ಹುಡುಗರೆಲ್ಲ ಸೆಂಟು ಬಂತು ಅಂದ್ಕೊಂಡ್ರು. ಹಡಗು ನಡೆಸೋ ನಮ್ಮ ತಾಂಡೇಲ ವಾಗಿರಾನ್ ಎರಡು ಮುಳ್ಳಿನ ಡಬ್ಬೀನ ತಿರುಗಿಸೀ ಮುರುಗಿಸೀ ನೋಡಿ, "ಹಾಡು ಎಲ್ಲಿಂದ ಬರುತ್ತೆ ಇದರಲ್ಲಿ?" ಅಂದ್ರು. ನಾನು ಎಲ್ಲ ವಿವರಿಸಿದೆ, ನೀನು ಬರೆದ ಹಾಗೇ, ಮೈಗೆ ಮೈ ತಾಗಿಸಿ ಮಲಗೋದು, ಸದ್ದಿಲ್ಲದೆ ದಾಟೋದು. ಅಲ್ಲಿಗೆ ಕಾರ್ಲಾನ್ ಎದ್ದು ನಿಂತು, "ನಿಮ್ಮಕ್ಕ ಏನು ಓದಿರೋದು, ಫಿಸಿಕ್ಸೋ ಲಾವಣಿಯೋ?" ಅಂತ ಕೇಳಿದ. ಕಾರ್ಲಾನ್ ಅಂದ್ರೆ ನನ್ನ ಜೊತೆ ಮೀನುಕೋಣೆ ಕೆಲಸ ಮಾಡೋನು, ರೆಂಬಾಂಗಿನವನು, ಬಾಯಿ ಮುಚ್ಚಿದ್ದು ನಾನು ನೋಡಿಲ್ಲ.

ಡಬ್ಬಿಗೆ ಹೆಸರಾಯ್ತು. 'ಅಕ್ಕನ ಮೂಗು'. ಈಗ ಎಲ್ಲರೂ ಅದನ್ನ ಹಾಗೇ ಕರೆಯೋದು. ಬೆಳಗ್ಗೆದ್ದು, "ಅಕ್ಕನ ಮೂಗು ಹೇಗಿದೆ ಇವತ್ತು?" ನಿನಗೆ ಬೇಜಾರಾದ್ರೆ ಆಗ್ಲಿ.

ತಮಾಷೆ ಬಿಡು. ಅದು ನಿಜವಾಗ್ಲೂ ಅಲ್ಲಾಡುತ್ತೆ ಅಕ್ಕ. ಮೀನುಕೋಣೆಯ ಮುಚ್ಚಳ ತೆಗೆದ ಕೂಡಲೇ ಬಲಗಡೆ ಮುಳ್ಳು ಮೆಲ್ಲಗೆ ಏಳುತ್ತೆ, ಹಾಕಿ ಒಂದು ದಿನ ಬಿಟ್ರೆ ಮೆಲ್ಲಗೆ ಇಳಿಯುತ್ತೆ. ನಾನು ಊಟ ಬಿಟ್ಟು ಅದರ ಮುಂದೆ ಕೂತಿರ್ತೀನಿ. ನಿನಗೆ ಗೊತ್ತಲ್ಲ, ಕೋಣೆಗೆ ಮೊದಲು ಇಳಿಯೋನು ನಾನೇ, 'ಸರಿ ಇದೆ' ಅಂತ ನಾನು ಕೂಗಿದ ಮೇಲೇ ಉಳಿದವರು. ಅದಕ್ಕೇ ನನಗೆ ಇದು ಬೇಕು. ಇನ್ನೊಂದು ಕಳಿಸೋಕಾಗುತ್ತಾ? ಎರಡಿದ್ರೆ ಒಳ್ಳೇದು.

ಒಂದು ಮಾತು ಕೇಳಬೇಕಿತ್ತು. ಬೇರೆ ಹಡಗಿನ ಒಬ್ಬ, ನನ್ನ ಪರಿಚಯದವನು, ಆ ಗಾಳಿ ಸ್ವಲ್ಪ ಕುಡಿದನಂತೆ. ತಲೆನೋವು ವಾರಗಟ್ಟಲೆ ಇರುತ್ತಾ? ಬೇರೆ ಏನಾದ್ರೂ ಆಗುತ್ತಾ, ಆದ್ರೆ ವಾಸಿ ಆಗುತ್ತಾ? ನಿಮ್ಮ ಮೇಡಂನ ಕೇಳಿ ಬರಿ.

ಅಮ್ಮನಿಗೆ ಹೇಳು, ಈ ಸಲದ ತೆರಾಸಿ ಸರಿ ಇಲ್ಲ, ಮಣ್ಣು ತಿಂದ ಹಾಗಿತ್ತು. ಅಂಗಡಿ ಬದಲಾಯಿಸಿದಳಾ? ಇಲ್ಲಿ ಅಡುಗೆ ಸಾದಿ ಮಾವನೂ ನಾನೂ ಒಲೆ ಮುಂದೆ ಹರಟ್ತಾ ಕೂತು ಅನ್ನ ಪೂರ್ತಿ ಸೀಸಿಬಿಟ್ವಿ, ತಾಂಡೇಲರು ಓಡಿ ಬಂದು ಇಬ್ರಿಗೂ ಉಗಿದ್ರು. ಫೆಬ್ರವರಿಯ ನೆಗಡಿ ಇನ್ನೂ ಬಿಟ್ಟಿಲ್ಲ, ಅಷ್ಟೇ. ಉಳಿದಂತೆ ಗುಂಡುಕಲ್ಲಿನ ಹಾಗಿದೀನಿ.

ತಸ್ರಿಪ್


ಸುರಬಾಯ
26 ಏಪ್ರಿಲ್ 2012

ತಮ್ಮಾ,

ನಿನ್ನ ಕಾಗದ ಲ್ಯಾಬಿನ ಗೋಡೆಗೆ ಅಂಟಿಸಿದೀವಿ. 'ಅಕ್ಕನ ಮೂಗು' ಅಂತ ಮೇಡಂ ಜೋರಾಗಿ ಓದಿ, ತಮ್ಮ ಮೂಗಿನ ಮೇಲಿನ ಕನ್ನಡಕ ತೆಗೆದು ಒರೆಸಿಕೊಂಡ್ರು. ಅದು ನಗು ಅಂತ ನಮ್ಮ ಅಂದಾಜು.

ಮುಚ್ಚಳ ತೆಗೆದರೆ ಏಳುತ್ತೆ, ಮುಚ್ಚಿದರೆ ಇಳಿಯುತ್ತೆ. ಈ ಒಂದು ಸಾಲಿಗೆ ನಾವು ಎಷ್ಟು ಕುಣಿದ್ವಿ ಗೊತ್ತಾ. ಜಾಡಿಯಲ್ಲಿ ಆಗೋದು ಬೇರೆ, ಸಮುದ್ರದ ಮೇಲೆ, ಉಪ್ಪಲ್ಲಿ, ಐಸಿನ ನೀರಲ್ಲಿ ಆಗೋದು ಬೇರೆ. ಮುಂದಿನ ತಿಂಗಳು ಸೆಮರಾಂಗ್‌ನಲ್ಲಿ ಬಂದರಿನವರ ಮುಂದೆ ತೋರಿಸಬೇಕು. ನಿನ್ನ ಹೆಸರೂ ಹೇಳ್ತೀನಿ. ಅಮ್ಮ ಆಗಲೇ ಬೀದಿಯಲ್ಲಿ, "ನನ್ನ ಮಗ ಸಮುದ್ರದಲ್ಲಿ ಲ್ಯಾಬ್ ಇಟ್ಟಿದಾನೆ" ಅಂತ ಹೇಳ್ಕೊಂಡು ತಿರುಗ್ತಿದಾಳೆ.

ಅಮ್ಮನಿಗೆ ತೆರಾಸಿ ವಿಷಯ ಯಾಕಾದ್ರೂ ಹೇಳಿದೆನೋ. ಅಂಗಡಿ ಬದಲಾಯಿಸಿಲ್ಲವಂತೆ, ಕೈಯಾರೆ ಕುಟ್ಟಿದ್ದಂತೆ. ಎರಡು ದಿನ ನನ್ನ ಫೋನ್ ಎತ್ತಲಿಲ್ಲ. ಹಡಗಿನ ಉಪ್ಪು ನಾಲಿಗೆಗೆ ಹತ್ತಿ ಮನೆ ಅಡುಗೆ ಸಪ್ಪೆ ಆಯ್ತೇನು ದೊರೆಗೆ? ಆ ಪರಿಚಯದವನ ತಲೆನೋವು ಅಂದೆಯಲ್ಲ, ಅದು ಯಾವ ಗಾಳಿ ಕುಡಿದ ತಲೆನೋವು ಅಂತ ನನಗೂ ಗೊತ್ತಾಗುತ್ತೆ. ಡೋಬೋ ಬಂದರಲ್ಲಿ ಇಳಿದಾಗ ಬಾಟ್ಲಿ ಮುಟ್ಟಬೇಡ ಅಂತ ನಿನ್ನ ಪರಿಚಯದವನಿಗೆ ಹೇಳು. ನೆಗಡಿಗೆ ಕಾಯುಪುಟಿ ಎಣ್ಣೆ ಎದೆಗೆ ತಿಕ್ಕಿಕೋ.

ಎರಡನೇದು ಈಗ ಆಗಲ್ಲ. ಒಂದು ಜೋಡಿ ಎಳೆ ಉರಿಯಲ್ಲಿ ಎಳೆಯೋವಾಗ ಯಾರಾದರೂ ಸೀನಿದರೂ ಸಾಕು, ಹೋಯ್ತು. ಹತ್ತಕ್ಕೆ ಒಂದು ಉಳಿಯುತ್ತೆ. ಅದಿರಲಿ, ಎರಡು ಯಾಕೆ ಬೇಕು ನಿನಗೆ? ಬರೀಲಿಲ್ಲ ನೀನು.

ಜುಮ್


ಅರಾಫುರಾ ಸಮುದ್ರ
20 ಮೇ 2012

ಅಕ್ಕಾ ಅಕ್ಕಾ ಅಕ್ಕಾ,

ಇದನ್ನ ಗೋಡೆಗೆ ಅಂಟಿಸು, ದೊಡ್ಡ ಗೋಡೆಗೆ.

ಮೊನ್ನೆ ಹಿಂದಿನ ಕೋಣೆ ತೆಗೀಬೇಕಿತ್ತು. ಅದನ್ನ ಮುಚ್ಚಿ ಬಹಳ ದಿನ ಆಗಿತ್ತು, ಐಸು ಕರಗಿ ಕೆಳಗಡೆ ಮೀನು ಮೆತ್ತಗಾಗಿತ್ತು. ನಿನ್ನ ಮೂಗು ಅದೇ ಕೋಣೇಲಿ. ಮುಚ್ಚಳ ಸರಿಸಿದ್ವಿ. ಕಾರ್ಲಾನ್ ಬಗ್ಗಿ, "ಎಂದಿನ ಮೀನು ನಾತ, ಇನ್ನೇನಿಲ್ಲ" ಅಂದ. ನಾನೂ ಮೂಗು ಒಡ್ಡಿದೆ, ಏನೂ ಇಲ್ಲ ಅಂದೆ. ಕಾಲು ಇಟ್ಟಿದ್ದೆ ಏಣಿ ಮೇಲೆ. ಅಷ್ಟರಲ್ಲಿ ತಾಂಡೇಲರು ಚುಕ್ಕಾಣಿಯಿಂದ ಕೂಗಿದ್ರು, "ಏ ತಸ್ರಿಪ್, ನಿಮ್ಮಕ್ಕನಿಗೇನೋ ಆಗಿದೆ ನೋಡು ಬಾ." ಹೋಗಿ ನೋಡ್ತೀನಿ, ಬಲಗಡೆ ಮುಳ್ಳು ತಳ ಹಿಡಿದಿದೆ, ಎಡಗಡೆದು ನೆತ್ತಿಗೆ ಹತ್ತಿದೆ.

ಏನ್ ಮಾಡೋದು? ಕಾರ್ಲಾನ್ ಅಂದ, ಡಬ್ಬಿ ಕೆಟ್ಟಿರಬೇಕು. ತಾಂಡೇಲರು ಅಂದ್ರು, ಮನುಷ್ಯ ಕೆಡೋದಕ್ಕಿಂತ ಡಬ್ಬಿ ಕೆಡೋದು ವಾಸಿ. ಸಾದಿ ಮಾವ ಮೊಟ್ಟೆಗೆ ಅಂತ ಒಂದು ಕೋಳಿ ಸಾಕಿದಾನೆ, ದೊರೆಸಾನಿ ಅಂತ ಹೆಸರು, ಅನ್ನ ಕೊಟ್ರೆ ಆರಿಸಿ ಆರಿಸಿ ತಿನ್ನುತ್ತೆ. ಅದನ್ನ ಬುಟ್ಟೀಲಿ ಕೂರಿಸಿ ಹಗ್ಗ ಕಟ್ಟಿ ಇಳಿಬಿಟ್ವಿ. ಮೇಲೆ ಎಳೆದ್ರೆ ದೊರೆಸಾನಿ ಕತ್ತು ಜೋತಾಡ್ತಿದೆ. ಸಾದಿ ಮಾವ ಎದೆ ಬಡ್ಕೊಂಡು ಅದರ ಬಾಯಿಗೆ ಗಾಳಿ ಊದಿದ ಅಕ್ಕ, ನನ್ನಾಣೆ. ಗಾಳಿಗೆ ಹಿಡಿದು ಬೀಸಿದ. ಸ್ವಲ್ಪ ಹೊತ್ತಿಗೆ ಕಣ್ಣು ಬಿಡ್ತು, ಎದ್ದು ತಾಂಡೇಲರ ಕಾಲಿಗೆ ಕುಕ್ಕಿತು.

ಯಾರೂ ನಗಲಿಲ್ಲ ಮೊದಲು. ಎಲ್ಲರೂ ನನ್ನ ಕಾಲು ನೋಡ್ತಿದ್ರು, ಏಣಿ ಮೇಲಿಟ್ಟ ಕಾಲು. ಆಮೇಲೆ ಕಾರ್ಲಾನ್ ಡಬ್ಬಿಗೆ ಕೈ ಮುಟ್ಟಿಸಿ ಹಣೆಗೆ ಒತ್ತಿಕೊಂಡ. ಫ್ಯಾನ್ ಹಾಕಿ ಅರ್ಧ ದಿನ ಗಾಳಿ ಊದಿಸಿದ್ವಿ, ಮುಳ್ಳು ವಾಪಸ್ ಬಂತು, ಇಳಿದ್ವಿ, ಮೀನು ತೆಗೆದ್ವಿ.

ಈಗ ತಾಂಡೇಲರ ಕಟ್ಟಪ್ಪಣೆ, ಅಕ್ಕನ ಮೂಗು ಹೂಂ ಅನ್ನದೆ ಯಾರೂ ಇಳಿಯಂಗಿಲ್ಲ, ಹೂಂ ಅಂದ್ರೆ ಯಾರೂ ತಡ ಮಾಡಂಗಿಲ್ಲ. ದೊರೆಸಾನೀನ ಇನ್ನು ಮುಟ್ಟಿದ್ರೆ ಅಡುಗೆ ಬಂದ್ ಅಂತ ಸಾದಿ ಮಾವನ ಅಪ್ಪಣೆ. ನಾನಂತೂ ರಾಜನ ಹಾಗಿದೀನಿ. ನಿನಗೆ ಹೇಗೆ ಹೇಳಲಿ, ಎಷ್ಟೋ ದಿನದ ಮೇಲೆ ನಿನ್ನೆ ಹೊಟ್ಟೆ ತುಂಬ ಉಂಡೆ, ಕಣ್ಣು ತುಂಬ ನಿದ್ದೆ ಮಾಡಿದೆ.

ಅಮ್ಮನ ತೆರಾಸಿ ಒಳ್ಳೇದಿತ್ತು ಅಂತ ಹೇಳು. ನಾನು ತಮಾಷೆ ಮಾಡಿದ್ದು.

ತಸ್ರಿಪ್


ಸುರಬಾಯ
29 ಮೇ 2012

ತಸ್ರಿಪ್,

ಇದನ್ನ ಮೊದಲು ಓದು, ಆಮೇಲೆ ಉಳಿದದ್ದೆಲ್ಲ. ಡಬ್ಬಿಯನ್ನ ನಂಬಬೇಡ.

ನಿನಗೆ ಕಳಿಸಿದ ದಿನವೇ ಅಂಥದ್ದೇ ಇನ್ನೊಂದು ಎಳೆಯನ್ನ ನಾವು ಇಲ್ಲಿ ಐಸು, ಮೀನು ಹಾಕಿದ ತೊಟ್ಟಿಯಲ್ಲಿ ಇಟ್ಟಿದ್ವಿ. ಇವತ್ತು ಅದಕ್ಕೆ ಗಾಳಿ ಸೋಕಿಸಿದರೆ ಮುಳ್ಳು ಮಿಸುಕಲಿಲ್ಲ. ಮೀನಿನ ಜಿಡ್ಡು ಲೇಪದ ಮೇಲೆ ಪೊರೆ ಕಟ್ಟಿದೆ. ಗಾಳಿ ಒಳಕ್ಕೆ ಹೋಗ್ತಿಲ್ಲ. ಬೆಳಕು ಹಾಯಾಗಿ ದಾಟ್ತಿದೆ. ಜಿಡ್ಡಿನಿಂದ ಮುಳ್ಳು ಸ್ವಲ್ಪ ಸರಿದಿರುತ್ತೆ, ಆದರೆ ವಾರಕ್ಕೊಮ್ಮೆ ತಿರುಪು ತಿರುಗಿಸು ಅಂದಿದ್ದೆನಲ್ಲ, ಹಾಗೆ ತಿರುಗಿಸಿದಾಗೆಲ್ಲ ಆ ಗುರುತೂ ಅಳಿಸಿಹೋಗುತ್ತೆ. ಕೋಣೆ ತುಂಬ ವಿಷ ಇದ್ದರೂ ಡಬ್ಬಿ 'ಸರಿ ಇದೆ' ಅನ್ನುತ್ತೆ.

ಮೇಡಂ ಸೆಮರಾಂಗ್ ಕಾರ್ಯಕ್ರಮ ನಿಲ್ಲಿಸಿದರು. ತಾವೇ ಫೋನ್ ಮಾಡಿ ನಿಲ್ಲಿಸಿದರು. ನಾನು ಜಿಡ್ಡು ತಡೆಯೋ, ಗಾಳಿ ಬಿಡೋ ಒಂದು ತೆಳು ಪೊರೆ ಹುಡುಕ್ತಿದೀನಿ. ಅದು ಸಿಗುತ್ತೆ. ಆದರೆ ಅಲ್ಲಿಯವರೆಗೆ ನಿನ್ನ ಮೂಗನ್ನ ನಂಬು. ನಾತ ಬಂದರೆ ಮೇಲೆ ಬಾ. ನೀನಿದ್ದರೆ ಆ ಹಡಗಿನವರಿಗೆ ಬೇರೆ ಮೂಗು ಬೇಡ.

ಜುಮ್

31 ಮೇ, ಜುವಾನಾ

ಕಾಗದ ತಡವಾದರೆ ಅಂತ ಬಸ್ಸು ಹತ್ತಿ ಇಲ್ಲಿಗೆ ಬಂದೆ. ಹಡಗಿನ ಮಾಲೀಕರ ಆಫೀಸಿನಲ್ಲಿ ರೇಡಿಯೋ ಮಾಡಿಸಿದೆ. ನಿಮ್ಮ ಹಡಗು ಸಿಗಲಿಲ್ಲ. ಗುಮಾಸ್ತ, "ಚುಟುಕಾಗಿ ಹೇಳಮ್ಮ, ಒಂದು ಹಡಗಿಂದ ಇನ್ನೊಂದಕ್ಕೆ ದಾಟಿಸ್ತಾರೆ" ಅಂದ. 'ಅಕ್ಕನ ಮೂಗು ಕೆಟ್ಟಿದೆ, ನಿನ್ನ ಮೂಗು ನಂಬು' ಅಂತ ಹೇಳಿದೆ. ನಿಮ್ಮ ಡಬ್ಬಿಗೆ ಅದೇ ಹೆಸರು ತಾನೆ. ಅಮ್ಮ ಪಕ್ಕದಲ್ಲೇ ನಿಂತಿದ್ದಳು. "ನಿನ್ನ ಮೂಗಿಗೆ ಏನಾಗಿದೆ?" ಅಂತ ಹಿಂತಿರುಗೋ ದಾರಿಯುದ್ದಕ್ಕೂ ಕೇಳಿದಳು. ಕಾಗದ ನಾಡಿದ್ದು ಹೊರಡೋ ಸಾಗಣೆ ಹಡಗಿಗೆ ಕೊಡ್ತಿದೀನಿ.


ಸುರಬಾಯ
16 ಜೂನ್ 2012

ತಸ್ರಿಪ್,

ನಿನ್ನ ಮೇ ತಿಂಗಳ ಕಾಗದ ಈಗ ಬಂತು. ಕೋಳಿಯ ಕಥೆ ಓದಿ ನಗಬೇಕು. ಲ್ಯಾಬಿನವರೆಲ್ಲ ನಕ್ಕರು. ನಾನು ಮಾತ್ರ ಒಂದು ಸಾಲಿನಲ್ಲೇ ನಿಂತುಬಿಟ್ಟೆ.

ಕಾರ್ಲಾನ್ 'ಎಂದಿನ ಮೀನು ನಾತ' ಅಂದ. ನೀನು 'ಏನೂ ಇಲ್ಲ' ಅಂದೆ. ಬಹಳ ದಿನ ಮುಚ್ಚಿಟ್ಟ ಮೀನುಕೋಣೆಗೆ ಮೂಗು ಒಡ್ಡಿದವನಿಗೆ ಏನೂ ಇಲ್ಲ ಅಂದರೆ ಹೇಗೆ?

ನಿನ್ನ ಹಳೇ ಕಾಗದ ಗೋಡೆಯಿಂದ ಕಿತ್ತು ಮತ್ತೆ ಓದಿದೆ. ಮಣ್ಣಿನ ಹಾಗಿದ್ದ ತೆರಾಸಿ. ಒಲೆ ಮುಂದೆ ಕೂತಿದ್ದರೂ ಸೀದುಹೋದ ಅನ್ನ. ಬಿಡದ ನೆಗಡಿ. ವಾರಗಟ್ಟಲೆ ತಲೆನೋವಿನ ಪರಿಚಯದವನು. ನಾನು ಅದಕ್ಕೆ ಕುಡಿತದ ತಮಾಷೆ ಮಾಡಿದೆ.

ನಿನಗೆ ವಾಸನೆ ಬರ್ತಿದೆಯಾ?

ನಾನು ರೇಡಿಯೋದಲ್ಲಿ ನಿನ್ನ ಮೂಗು ನಂಬು ಅಂದೆ ತಮ್ಮಾ. ಇನ್ನೊಂದು ಸಲ ರೇಡಿಯೋ ಮಾಡಿಸೋಕೆ ಈಗಲೇ ಜುವಾನಾಗೆ ಹೊರಟಿದೀನಿ. ಇಳೀಬೇಡ. ಯಾರು ಏನೇ ಅನ್ನಲಿ, ಇಳೀಬೇಡ.


ಅರಾಫುರಾ ಸಮುದ್ರ
20 ಜೂನ್ 2012

ಅಕ್ಕಾ,

ಮೊದಲಿಗೇ ಹೇಳಿಬಿಡ್ತೀನಿ, ನಾವೆಲ್ಲ ಬದುಕಿದೀವಿ. ಕೋಳಿ ಬಿಟ್ಟು.

ಮೊನ್ನೆ ಬೆಳಗ್ಗೆ ಸಾಗಣೆ ಹಡಗು ಪಕ್ಕಕ್ಕೆ ಬಂದು ನಿಲ್ತು. ಮೀನು ದಾಟಿಸಬೇಕು, ಗಾಳಿ ಏಳೋ ಮುಂಚೆ. ನಮ್ಮವರು ಹಗ್ಗ ಬಿಗೀತಿದ್ದ ಹಾಗೇ ಆ ಹಡಗಿನ ರೇಡಿಯೋದವನು ಮೈಕ್ ಹಿಡಿದು, "ತಸ್ರಿಪ್ ಯಾರಪ್ಪಾ, ನಿಮ್ಮಕ್ಕನ ಮೂಗು ಕೆಟ್ಟಿದೆಯಂತೆ, ನಿನ್ನ ಮೂಗನ್ನೇ ನಂಬಬೇಕಂತೆ" ಅಂತ ಸಮುದ್ರಕ್ಕೆಲ್ಲ ಕೇಳೋ ಹಾಗೆ ಕೂಗಿದ. ಎರಡು ಹಡಗಿನವರೂ ನಕ್ಕೂ ನಕ್ಕೂ ಸುಸ್ತಾದ್ರು. ನಮ್ಮ ತಾಂಡೇಲರು ಮಾತ್ರ ನಗಲಿಲ್ಲ, ಅವರಿಗೆ ತಿಳೀತು. ಡಬ್ಬಿ ನೋಡಿದ್ರು. ಮುಳ್ಳುಗಳು ಗೆರೆ ಮೇಲೇ ಇದ್ವು, ಸರಿ ಇದೆ ಅಂತ ಹೇಳ್ತಿದ್ವು. ಮುಚ್ಚಳ ತೆಗೆಸಿದ್ರು. ಮುಳ್ಳು ಅಲ್ಲಾಡಲಿಲ್ಲ. ಮೊದಲೆಲ್ಲ ಗಾಳಿ ಸೋಕಿದ್ರೆ ಒಂದಿಷ್ಟಾದ್ರೂ ಏಳ್ತಿತ್ತು.

"ಸರಿ, ಡಬ್ಬಿ ಬೇಡ. ನೀನು ಮೂಸು, ನೀನು ಹೇಳು" ಅಂದ್ರು ನನಗೆ.

ನಾನು ಮುಚ್ಚಳದ ಪಕ್ಕ ಮಂಡಿ ಊರಿದೆ. ನಾಟಕಕ್ಕೆ ಮೂಗು ಒಡ್ಡಿದೆ. ಅಕ್ಕ, ಫೆಬ್ರವರೀಲಿ ನಾನು ಆ ಗಾಳಿ ಕುಡಿದು ಅದೇ ಕೋಣೆಯ ತಳದಲ್ಲಿ ಬಿದ್ದಿದ್ದೆ. ಕಾರ್ಲಾನ್ ಉಸಿರು ಕಟ್ಟಿ ಇಳಿದು ಕಾಲರಿಗೆ ಹಗ್ಗ ಹಾಕಿ ಎಳೆದ. ಅವನೂ ನಾನೂ ಯಾರಿಗೂ ಹೇಳಲಿಲ್ಲ, ಕಾಲು ಜಾರಿತು ಅಂದ್ವಿ. ಎದ್ದಾಗಿನಿಂದ ನನಗೆ ಏನೂ ಮೂಸೋಕೆ ಬರಲ್ಲ. ಡೀಸೆಲ್ಲಿಲ್ಲ, ಬೆವರಿಲ್ಲ, ಸಮುದ್ರವೂ ಇಲ್ಲ. ಅದನ್ನ ಕಾರ್ಲಾನ್‌ಗೂ ಹೇಳಿರಲಿಲ್ಲ. ಮೂಗಿಲ್ಲದ ಕೋಣೆಯಾಳನ್ನ ಯಾರು ಇಟ್ಕೊಳ್ತಾರೆ? ನಿನ್ನ ಡಬ್ಬಿ ಬಂದಾಗ ನನ್ನ ಮೂಗೇ ವಾಪಸ್ ಬಂತು ಅಂದ್ಕೊಂಡೆ. ಅದಕ್ಕೇ ಎರಡು ಕೇಳಿದ್ದು, ಒಂದು ಕೆಟ್ರೆ ಇನ್ನೊಂದಿರಲಿ ಅಂತ.

ಆ ಕಡೆ ಹಡಗಿನವರು, "ಏನ್ರೋ, ಮದುವೆಗೆ ಹೆಣ್ಣು ನೋಡ್ತಿದೀರಾ, ಬೇಗ" ಅಂತ ಕೂಗ್ತಿದ್ರು. ಬಾಯಿಗೆ ಬಂದಿತ್ತು, 'ಸರಿ ಇದೆ' ಅಂತ. ನಾನೇ ಮೊದಲು ಇಳಿಯೋದು, ಏನಾದ್ರೂ ಆದ್ರೆ ನನಗೆ ತಾನೆ ಅಂದ್ಕೊಂಡೆ. ತಿರುಗಿ ನೋಡಿದ್ರೆ ಕಾರ್ಲಾನ್ ಆಗಲೇ ಸೊಂಟಕ್ಕೆ ಹಗ್ಗ ಕಟ್ಕೋತಿದ್ದ. ನಾನು ಬಿದ್ರೆ ಇಳಿಯೋನು ಅವನು. ಫೆಬ್ರವರೀಲಿ ಇಳಿದ, ಈಗಲೂ ಇಳೀತಾನೆ.

"ನನಗೆ ವಾಸನೆ ಬರಲ್ಲ" ಅಂದೆ.

"ನಾತ ಇಲ್ಲ ಅಂತಲಾ?" ಅಂದ್ರು ತಾಂಡೇಲರು.

"ಅಲ್ಲ. ನನಗೆ ಮೂಗೇ ಇಲ್ಲ. ಫೆಬ್ರವರಿಯಿಂದ ಇಲ್ಲ. ಇಷ್ಟು ದಿನ ಸುಳ್ಳು ಹೇಳಿದೆ."

ಕಾರ್ಲಾನ್ ಮೊದಲ ಸಲ ಬಾಯಿ ಮುಚ್ಚಿದ್ದು ನೋಡಿದೆ. ಆಗ ಹಿಂದಿನಿಂದ ಸಾದಿ ಮಾವ, "ನನಗೂ ಬರಲ್ಲ, ಹತ್ತು ವರ್ಷ ಆಯ್ತು" ಅಂದ. ಎಂಜಿನ್ ಹತ್ರ ಇರೋ ಇನ್ನೊಬ್ಬ, ನನಗೂ ಅರ್ಧಂಬರ್ಧ ಅಂದ. ತಾಂಡೇಲರು ಒಬ್ಬೊಬ್ಬರ ಮುಖಾನೂ ನೋಡಿದ್ರು. "ಇಷ್ಟು ವರ್ಷ ನಾನು ಯಾರ ಮೂಗು ನಂಬಿ ಹಡಗು ನಡೆಸಿದೆ?" ಅಂದ್ರು, ಮೆಲ್ಲಗೆ, ತಮಗೇ ಹೇಳ್ಕೊಂಡ ಹಾಗೆ.

ಸಾದಿ ಮಾವ ಯಾರೂ ಕೇಳದೆ ಒಳಗೆ ಹೋದ. ದೊರೆಸಾನೀನ ತಂದು ತಾನೇ ಬುಟ್ಟೀಲಿ ಕೂರಿಸಿ, ತಾನೇ ಹಗ್ಗ ಬಿಟ್ಟ. ಮೇಲೆ ಬಂದಾಗ ಈ ಸಲ ಏನು ಊದಿದ್ರೂ ಕಣ್ಣು ಬಿಡಲಿಲ್ಲ. ಅದನ್ನ ತನ್ನ ಪಂಚೇಲಿ ಸುತ್ತಿ ಸಮುದ್ರಕ್ಕೆ ಬಿಟ್ಟ. ಅವತ್ತಿನಿಂದ ಮಾತಾಡ್ತಿಲ್ಲ. ಅಡುಗೆ ಮಾತ್ರ ನಿಲ್ಲಿಸಿಲ್ಲ.

ಸಾಗಣೆ ಹಡಗು ಕಾದಿತು. ಇಡೀ ದಿನ ಫ್ಯಾನ್ ಓಡಿಸಿದ್ವಿ. ಆಮೇಲೆ ಆ ಕಡೆ ಹಡಗಿನಿಂದ ನಿನ್ನ ಕಾಗದ ಕೈಗೆ ಬಂತು. 'ನೀನಿದ್ದರೆ ಬೇರೆ ಮೂಗು ಬೇಡ' ಅಂತ ಬರೆದಿದ್ದೆಯಲ್ಲ, ಅದನ್ನ ತಾಂಡೇಲರಿಗೆ ಓದಿ ಹೇಳಿದೆ. ಅವರು, "ನಿಮ್ಮಕ್ಕ ಹೊಸದು ಮಾಡ್ತಾಳಾ?" ಅಂತ ಕೇಳಿದ್ರು. ಮಾಡ್ತಾಳೆ ಅಂದೆ. "ಹಾಗಾದ್ರೆ ನೀನು ಹೋಗಿ ಹಿಡ್ಕೊಂಡು ಬಾ. ಕೆಲಸದಿಂದ ತೆಗೆದದ್ದಲ್ಲ, ಕಳಿಸ್ತಿರೋದು" ಅಂದ್ರು. ಅದೇ ಹಡಗಲ್ಲಿ ನಾಳೆ ಹೊರಡ್ತಿದೀನಿ. ಡೋಬೋದಲ್ಲಿ ಕೆಲವು ದಿನ ನಿಲ್ತಾರೆ, ಅಲ್ಲಿಂದ ಈ ಕಾಗದ ನನಗಿಂತ ಮುಂಚೆ ವಿಮಾನದಲ್ಲಿ ಬರುತ್ತೆ.

ಜಿಡ್ಡು ಹಿಡಿದ ಎಳೆ ಬಟ್ಟೇಲಿ ಸುತ್ತಿ ತರ್ತಿದೀನಿ, ಮೇಡಂಗೆ ಬೇಕಾಗಬಹುದು. ಇನ್ನೊಂದು ಯೋಚನೆ ಬಂತು. ಸತ್ತ ಮುಳ್ಳೂ ಸುಮ್ಮನಿರುತ್ತೆ, ಒಳ್ಳೇ ಗಾಳೀಲೂ ಮುಳ್ಳು ಸುಮ್ಮನಿರುತ್ತೆ. ಎರಡಕ್ಕೂ ವ್ಯತ್ಯಾಸ ಹೇಗೆ ತಿಳಿಯೋದು? ದಿನಾ ಬೆಳಗ್ಗೆ ಅದಕ್ಕೆ ಬೇಕಂತಲೇ ಒಂಚೂರು ನಾತ ಕುಡಿಸಿದ್ರೆ ಹೇಗೆ? ಮುಖ ಸಿಂಡರಿಸಿದ್ರೆ ಬದುಕಿದೆ ಅಂತ.

ಅಮ್ಮನಿಗೆ ನಾನೇ ಹೇಳ್ತೀನಿ. ನೀನು ಹೇಳಬೇಡ.

ತಸ್ರಿಪ್


ಅರಾಫುರಾ ಸಮುದ್ರ, ಸಾಗಣೆ ಹಡಗಿನಿಂದ
9 ನವೆಂಬರ್ 2012

ಜುವಾನಾ ಬಂದರಿನ ಮಹಾ ತಪಾಸಣಾಧಿಕಾರಿ, ಹಡಗು ಹಡಗಿಗೂ ಹತ್ತಿ ಗಾಜಿನ ಎಳೆ ಕಟ್ಟುವ ತಸ್ರಿಪ್ ಅವರಿಗೆ, ಸಮುದ್ರದ ಮೇಲೆ ಹೊಟ್ಟೆಯಲ್ಲಿದ್ದದ್ದೆಲ್ಲ ಕಳೆದುಕೊಂಡ ಅಕ್ಕನ ಸಲಾಂ.

ನೀನು ಇಷ್ಟು ವರ್ಷ ಇದರ ಮೇಲೆ ಹೇಗೆ ಊಟ ಮಾಡಿದೆ ಕಣೋ? ಮೇಡಂ ಬೇಡ ಅಂದರೂ ಹಟ ಹಿಡಿದು ಬಂದೆ, ಡೋಬೋವರೆಗೆ ಬೈದುಕೊಂಡೇ ಬಂದೆ. ಹೆಂಗಸು ಹಡಗು ಹತ್ತಿದರೆ ಮೀನು ಸಿಗಲ್ಲ ಅಂತ ಇಲ್ಲಿನ ಒಬ್ಬ ಮುದುಕ ಗೊಣಗಿದ. ಇನ್ನೊಬ್ಬ ಅವನಿಗೆ, "ಅವಳೇ ಆ ಮೂಗಿನ ಅಕ್ಕ" ಅಂತ ಪಿಸುಗುಟ್ಟಿದ. ಮುದುಕ ಎದ್ದು ನನಗೆ ಕೂರೋಕೆ ಜಾಗ ಕೊಟ್ಟ.

ಮೂಗು ವಾಪಸ್ ಬರಲಿ ಅಂತ ಡಾಕ್ಟರು ಕೊಟ್ಟ ಶೀಶೆಗಳನ್ನ ದಿನಾ ಮೂಸ್ತಿದೀಯಾ? ಲವಂಗದ್ದರಲ್ಲಿ ಏನೋ ಇದೆ ಅನಿಸ್ತು ಅಂದೆಯಲ್ಲ, ಹೊರಡೋ ಮುಂಚೆ ಅಮ್ಮನಿಗೆ ಹೇಳಿಬಿಟ್ಟೆ. ಬಾಯಿ ತಡೆಯಲಿಲ್ಲ. ಅನಿಸಿದ್ದು ಮಾತ್ರ ಆದರೂ ಇರಲಿ, ಬಿಡಬೇಡ.

ಈಗ ಇವತ್ತಿನದು ಕೇಳು. ಬೆಳಗ್ಗೆ ಸಿನಾರ್ ಮುರಿಯಾ ಪಕ್ಕಕ್ಕೆ ಬಂತು. ನನ್ನನ್ನ ಹಲಗೆ ಮೇಲೆ ಹಾಯಿಸಿ ಆ ಕಡೆ ಕರ್ಕೊಂಡರು, ಕಣ್ಣು ಮುಚ್ಚಿಕೊಂಡು ದಾಟಿದೆ. ಹೊಸ ಪೊರೆಯ ಎಳೆಗಳು ಎರಡು ತಿಂಗಳಿಂದ ಅವರ ಎರಡೂ ಕೋಣೆಗಳಲ್ಲಿ ಕೂತಿವೆ. ತಾಂಡೇಲ ವಾಗಿರಾನ್ ನನಗೆ ನಮಸ್ಕಾರ ಅಂದಿದ್ದಷ್ಟೇ. ನೇರ ಡಬ್ಬಿ ಹತ್ತಿರ ಹೋದರು. ನೀನು ಮಾಡಿಕೊಟ್ಟ ಕೊಳವೆಯಿಂದ ಮುಂದಿನ ಕೋಣೆಯ ಎಳೆಗೆ ಬೊಂಡಾಸದ ನಾತ ಒಂದು ಗುಟುಕು ಕುಡಿಸಿದರು. ಮುಳ್ಳು ಬಿತ್ತು, ಎದ್ದಿತು. "ಬದುಕಿದೆ" ಅಂತ ಕೂಗಿದರು. ಆಮೇಲೆ ಹಿಂದಿನ ಕೋಣೆಯ ಮುಳ್ಳು ನೋಡಿದರು. ತಳ ಹಿಡಿದಿತ್ತು. ಮುಚ್ಚಳ ತೆಗೆಸಿ ಫ್ಯಾನ್ ಹಾಕಿಸಿ, ಪಕ್ಕದಲ್ಲಿ ಕಾಲು ಚಾಚಿ ಕೂತುಬಿಟ್ಟರು.

ಸಾಗಣೆ ಹಡಗಿನವರು ಕೂಗಿದರು, ಗಾಳಿ ಏಳ್ತಿದೆ, ಬೇಗ ಅಂತ. ತಾಂಡೇಲರು ತಿರುಗಿಯೂ ನೋಡಲಿಲ್ಲ. ಸಾದಿ ಮಾವ ಎಲ್ಲರಿಗೂ ಚಹಾ ತಂದ. ನನಗೆ ಕೊಡುವಾಗ, "ಸೀದಿದ್ರೆ ಹೇಳಮ್ಮ, ನಮಗೆ ಗೊತ್ತಾಗಲ್ಲ" ಅಂದ. ಸಕ್ಕರೆ ಸೀದಿತ್ತು, ನಾನು ಹೇಳಲಿಲ್ಲ.

ಬಿಸಿಲು ಏರಿತು. ಬಲಗಡೆ ಮುಳ್ಳು ಮೆಲ್ಲಗೆ ಏಳೋಕೆ ಶುರು ಮಾಡಿತು. ತಸ್ರಿಪ್, ನಾನು ಅದನ್ನ ಲ್ಯಾಬಿನಲ್ಲಿ ಎಷ್ಟು ಸಾವಿರ ಸಲ ನೋಡಿದೀನೋ. ಇವತ್ತು ನೋಡೋಕಾಗದೆ ಮುಖ ತಿರುಗಿಸಿದೆ. ಗೆರೆಗೆ ಬಂತು. ತಾಂಡೇಲರು ಇನ್ನೊಂದು ಗುಟುಕು ನಾತ ಕುಡಿಸಿ ನೋಡಿದರು. ಬಿತ್ತು, ಎದ್ದಿತು. "ಹೂಂ" ಅಂದರು.

ಕಾರ್ಲಾನ್ ಹಗ್ಗ ಕಟ್ಟಿಕೊಂಡು ಏಣಿ ಮೇಲೆ ಕಾಲಿಟ್ಟ. ಇಳಿದ. ತಲೆ ಕಾಣದಾಯ್ತು. ನಾನು ಮುಚ್ಚಳದ ಅಂಚು ಹಿಡಿದುಕೊಂಡೆ. ಕೆಳಗೆ ಐಸಿಗೆ ಸನಿಕೆ ಹಾಕೋ ಸದ್ದು ಬಂತು. ಆಮೇಲೆ ಯಾವುದೋ ಮೀನಿಗೆ, ಅದರ ಅಪ್ಪನಿಗೆ, ಅಜ್ಜನಿಗೆ ಅವನು ಬೈಯೋದು ಕೇಳಿಸಿತು. ಬೈಗುಳ ಕೇಳಿ ಇಷ್ಟು ಸಂತೋಷ ಆದದ್ದು ನನಗೆ ಇದೇ ಮೊದಲು. ಸ್ವಲ್ಪ ಹೊತ್ತಿಗೆ ಕೂದಲಲ್ಲಿ ಐಸು, ಹೆಗಲ ಮೇಲೆ ಒಂದು ದೊಡ್ಡ ಸೂರೆ ಮೀನು ಹೊತ್ತು ಮೇಲೆ ಬಂದ. ಎಲ್ಲರೂ ತನ್ನನ್ನೇ ನೋಡ್ತಿದ್ದದ್ದು ನೋಡಿ, "ಯಾಕೆ, ಏನಾಯ್ತು?" ಅಂದ.

ಏನೂ ಆಗಲಿಲ್ಲ. ಇಳಿದ, ಹತ್ತಿ ಬಂದ, ಮೀನು ಕೆಳಗೆ ಹಾಕಿ ಮತ್ತೆ ಇಳಿದ.

ಜುಮ್